ಶಿವಶಂಕರ್ ಎಲ್‌ಎಲ್‌ಎಂ ಸೇರಿದ್ದು

ತೊಣ್ಣೂರಿನ ಶಿವಶಂಕರ್ ಪಾಂಡವಪುರದ ಕೋರ್ಟಿನಲ್ಲಿ ಐದಾರು ವರ್ಷ ವಕೀಲಿಕೆ ಮಾಡಿ, ಇನ್ನೇನು ಕೈ ಪಳಗಿತು ಅನ್ನುವ ಹೊತ್ತಿಗೆ ಎಲ್‌ಎಲ್‌ಎಂ ಓದುತ್ತೇನೆಂದು ಹೊರಟಾಗ ಯಾರಿಗೂ ತಲೆಬುಡ ಅರ್ಥವಾಗಲಿಲ್ಲ. ಅದು ತೊಂಬತ್ತನಾಲ್ಕನೇ ಇಸವಿ. ಅವನಿಗೆ ಮೂವತ್ತು ತುಂಬುತ್ತಿತ್ತು.

"ಕರಿಕೋಟು ಆಕ್ಕೊಂಡ್ಮೇಲೂ ಇನ್ನೆಂತದ್ಲಾ ಓದೋದು?" ಎಂದು ಅಪ್ಪ ಚಿಕ್ಕಸ್ವಾಮಿ ಕೇಳಿದರು.

"ಮೇಷ್ಟ್ರಾಗ್ತೀನಪ್ಪ. ಲಾ ಕಾಲೇಜಿನಲ್ಲಿ ಪಾಠ ಮಾಡ್ತೀನಿ."

"ಮಾಡೀಯಂತೆ ಬುಡು. ಮೈಸೂರಲ್ಲಿ ಸೀಟು ಸಿಕ್ಕಿರುವಾಗ ಧಾರವಾಡ ಧಾರವಾಡ ಅಂತ ಯಾಕ್ಲಾ ಜಪ ಮಾಡ್ತಿದ್ದೀಯೆ?"

ಅಪ್ಪ ಬಾಯಿಗೆ ಟವೆಲ್ಲು ಅಡ್ಡ ಹಿಡಿದು ಮಾತಾಡಿದ್ದರಿಂದ ಪ್ರಶ್ನೆ ಶಿವಶಂಕರನಿಗೆ ಅರ್ಧ ಮಾತ್ರ ಮುಟ್ಟಿತ್ತು. ಮುಟ್ಟಿದ ಅರ್ಧಕ್ಕೂ ನಿಜ ಹೇಳುವ ಧೈರ್ಯ ಅವನಿಗಿರಲಿಲ್ಲ.

ನಿಜವೆಂದರೆ ಅವನಿಗೆ ಕಿವಿ ಕೇಳಿಸುತ್ತಿರಲಿಲ್ಲ. ಚಿಕ್ಕಂದಿನಲ್ಲಿ ಸೋರಿ ಸೋರಿ ಎಡಗಿವಿ ಕೆಟ್ಟುಹೋಗಿತ್ತು. ಅದನ್ನು ಬಲಗಿವಿ ಸರಿದೂಗಿಸಿಕೊಂಡು ಬಂದಿತ್ತು. ಹೋದ ವರ್ಷದಿಂದ ಆ ಬಲಗಿವಿಗೂ ಹತ್ತಿ ತುರುಕಿದಂತಾಗಿತ್ತು. ಎದುರಿಗಿದ್ದವರ ತುಟಿ ನೋಡುತ್ತ, ಇಂಥ ಮಾತಿಗೆ ಇಂಥದೇ ಮಾತು ಬರುತ್ತದೆಂದು ಅಂದಾಜು ಮಾಡುತ್ತ ದಿನ ತಳ್ಳುತ್ತಿದ್ದ. ಹೆಂಡತಿ ಪವಿತ್ರಳಿಗೂ ಹೇಳಿರಲಿಲ್ಲ. ಕಿವುಡ ವಕೀಲನೆಂದು ಒಮ್ಮೆ ಹೆಸರು ಬಿದ್ದರೆ ಯಾವ ಕಕ್ಷಿದಾರ ತನ್ನ ಕಡೆ ಸುಳಿದಾನು ಎಂಬ ಭಯ ಅವನನ್ನು ತಿನ್ನುತ್ತಿತ್ತು.

ಆ ಭಯ ನಿಜವಾಗುವುದರಲ್ಲಿದ್ದದ್ದು ಬದುವಿನ ಜಗಳದ ಒಂದು ಕೇಸಿನಲ್ಲಿ. ಎದುರು ಪಕ್ಷದ ಸಾಕ್ಷಿ ಸೋಮಮ್ಮ ಎಂಬ ಹೆಂಗಸನ್ನು ಅವನು ಪಾಟೀಸವಾಲು ಮಾಡುತ್ತಿದ್ದ. ತನ್ನ ಕಕ್ಷಿದಾರ ಬದು ಒತ್ತಿದ್ದನ್ನು ನೀವು ಕಣ್ಣಾರೆ ಕಂಡಿರಾ ಎಂದು ಕೇಳಿದ. ಆಕೆ ಸೆರಗು ಬಾಯಿಗಿಟ್ಟುಕೊಂಡು "ನೋಡ್ನಿಲ್ಲ" ಅಂದಳು. ಅವನಿಗೆ ಅದು "ನೋಡಿದ್ನಲ್ಲ" ಎಂದು ಕೇಳಿಸಿತು. ತನಗೆ ಗೆಲುವು ತರುವ ಉತ್ತರ ಕೈಗೆ ಬಂದಿದ್ದರೂ ತಿಳಿಯದೆ, ಎಲ್ಲಿ ನಿಂತು ನೋಡಿದಿರಿ, ಯಾವ ಹೊತ್ತಿನಲ್ಲಿ ನೋಡಿದಿರಿ ಎಂದು ಜಬರಿಸತೊಡಗಿದ. ಗಾಬರಿಬಿದ್ದ ಸೋಮಮ್ಮ ಕೆರೆ ಏರಿ ಮೇಲೆ ನಿಂತು ನೋಡಿದೆ ಎಂದುಬಿಟ್ಟಳು. ನ್ಯಾಯಾಧೀಶರು ಕನ್ನಡಕ ತೆಗೆದು ಅವನನ್ನು ದಿಟ್ಟಿಸಿದರು. ಹಿಂದಿನ ಬೆಂಚುಗಳಲ್ಲಿ ಎಲ್ಲರ ಹೆಗಲೂ ನಗುವಿಗೆ ಕುಲುಕುತ್ತಿದ್ದವು. ಏನಾಯಿತೆಂದು ಅವನಿಗೆ ತಿಳಿದದ್ದು ಹೊರಗೆ ಬಂದ ಮೇಲೆ, ಸೀನಿಯರ್ ನಾಗರಾಜು ಹೇಳಿದಾಗ.

"ಗ್ಯಾನ ಎಲ್ಲಿತ್ತಯ್ಯಾ ನಿಂಗೆ? ಆಯಮ್ಮ ನೋಡಿಲ್ಲ ಅಂದಮೇಲೆ ಕೂತ್ಕೊಳೋದಲ್ವಾ?"

ಜ್ವರವಿತ್ತು ಸಾರ್ ಅಂದ. ಅಂದೇ ತೀರ್ಮಾನ ಮಾಡಿದ. ಮೇಷ್ಟ್ರಾದವನು ಮಾತಾಡಿದರೆ ಸಾಕು, ಕೇಳಿಸಿಕೊಳ್ಳುವುದು ಹುಡುಗರ ಕೆಲಸ. ಅದಕ್ಕೆ ಎಲ್‌ಎಲ್‌ಎಂ ಬೇಕು. ಎರಡೂ ಕಡೆ ಅರ್ಜಿ ಹಾಕಿದ, ಎರಡೂ ಕಡೆ ಸೀಟು ಸಿಕ್ಕಿತು. ಮೈಸೂರಾದರೆ ಮನೆಯಿಂದಲೇ ಓಡಾಡಬಹುದಿತ್ತು. ಆದರೆ ಅಲ್ಲಿ ಅವನ ಲಾ ಕಾಲೇಜಿನ ಗೆಳೆಯರಿದ್ದರು, ಕೋರ್ಟಿನವರ ಮಕ್ಕಳು ಓದುತ್ತಿದ್ದರು. ಒಂದೇ ವಾರದಲ್ಲಿ ಗುಟ್ಟು ಪಾಂಡವಪುರ ತಲುಪುತ್ತಿತ್ತು. ಧಾರವಾಡದಲ್ಲಿ ತನ್ನನ್ನು ಬಲ್ಲವನು ಒಬ್ಬನೇ, ಹಳೆಯ ಸಹಪಾಠಿ ಮುಬಾರಕ್. ಅಲ್ಲಿ ಅಡಗಿಕೊಂಡು ಎರಡು ವರ್ಷ ಕಳೆಯಬಹುದೆಂದು ಅವನ ಲೆಕ್ಕ. ಕೇಳಿದವರಿಗೆಲ್ಲ ಅಲ್ಲಿನ ಲೈಬ್ರರಿ ದೊಡ್ಡದು ಎನ್ನುತ್ತಿದ್ದ.

ಹಣ ಕಟ್ಟುವ ಮೊದಲು ಒಮ್ಮೆ ನೋಡಿಬರೋಣವೆಂದು ನಾಗಮಂಗಲದ ಮೇಲೆ ಬೆಳ್ಳೂರು ಕ್ರಾಸಿಗೆ ಹೋಗಿ, ಬಸ್ಸುಗಳನ್ನು ಬದಲಿಸುತ್ತ ಧಾರವಾಡ ಸೇರಿದ. ಮುಬಾರಕ್ ಶ್ರೀರಂಗಪಟ್ಟಣದವನು. ಅಲ್ಲಿ ಎಲ್‌ಎಲ್‌ಎಂನ ಎರಡನೇ ವರ್ಷದಲ್ಲಿದ್ದ. ಮೊದಲು ಬಾಡಿಗೆ ಕೋಣೆ ತೋರಿಸಲು ಒಬ್ಬ ಅಜ್ಜಿಯ ಮನೆಗೆ ಕರೆದುಕೊಂಡು ಹೋದ. ಅಜ್ಜಿ ನಗುತ್ತ ಏನೋ ಕೇಳಿದರು. ಶಿವಶಂಕರ್ ತುಟಿಗಳನ್ನೇ ನೋಡಿದ. ಆ ಸೀಮೆಯ ಮಾತು ಏನೂ ಹತ್ತಲಿಲ್ಲ. ಊರು ಕೇಳಿರಬೇಕೆಂದು "ಪಾಂಡವಪುರ" ಅಂದ. ಅಜ್ಜಿ ಹುಬ್ಬೇರಿಸಿ ಮತ್ತೇನೋ ಕೇಳಿದರು. ಎಷ್ಟು ದಿನ ಇರುತ್ತೀಯೆಂದು ಕೇಳಿರಬೇಕೆಂದು "ಎರಡು ವರ್ಷ ಅಜ್ಜಿ" ಅಂದ. ಅಜ್ಜಿ ಮುಬಾರಕನ ಮುಖ ನೋಡಿದರು. ಮುಬಾರಕ್ ನೆಲ ನೋಡಿದ.

ಬೀದಿಗೆ ಬಂದ ಮೇಲೆ ಮುಬಾರಕ್ ಅವನೆದುರು ನಿಂತು ಮೆಲ್ಲಗೆ ಹೇಳಿದ. "ಯಾರ್, ಅವ್ರು ಕೇಳಿದ್ದು ಲಗ್ನ ಆಗೇದೇನು ಅಂತ. ನೀನು ಪಾಂಡವಪುರ ಅಂದೆ. ಮಕ್ಕಳೆಷ್ಟು ಅಂದ್ರೆ ಎರಡು ವರ್ಷ ಅಂದೆ."

ಶಿವಶಂಕರ್ ಅಜ್ಜಿಯ ಬಾಗಿಲ ಕಡೆ ತಿರುಗಿ ನೋಡಿದ.

"ಕಿವಿ ಪೂರಾ ಓಗೈತಾ?" ಎಂದು ಮುಬಾರಕ್ ಕೇಳಿದ.

"ಪೂರಾ ಅಲ್ಲ."

"ಮನೇಲಿ ಗೊತ್ತಾ?"

ಅವನು ತಲೆಯಾಡಿಸಿದ, ಇಲ್ಲವೆಂದು. ಮುಬಾರಕ್ ಹೆಚ್ಚು ಕೆದಕಲಿಲ್ಲ. ಚಹಾ ಕುಡಿಸಿದ, ತನ್ನ ಕೋಣೆಯಲ್ಲಿ ಮಲಗಿಸಿಕೊಂಡ, ಬಸ್ಸು ಹತ್ತಿಸಿದ. ಹತ್ತಿಸುವಾಗ ಮಾತ್ರ "ಇಲ್ಲಿ ಬಂದ್ರೆ ನಾನಿದ್ದೀನಿ. ಆದ್ರೆ ನನ್ನದು ಇನ್ನೊಂದೇ ವರ್ಷ ಕಣ್ಲಾ" ಅಂದ.

ದಾರಿಯುದ್ದಕ್ಕೂ ಶಿವಶಂಕರ್ ಅಜ್ಜಿಯ ಎರಡು ಪ್ರಶ್ನೆಗಳನ್ನೇ ತಿರುವಿಹಾಕಿದ. ಇಷ್ಟು ದಿನ ಊರಲ್ಲಿ ಜನರ ಮಾತು ಅವನಿಗೆ ಕೇಳಿಸುತ್ತಲೇ ಇರಲಿಲ್ಲ. ಯಾರು ಯಾವಾಗ ಏನನ್ನುತ್ತಾರೆಂಬುದು ಹುಟ್ಟಿದಾರಭ್ಯ ರೂಢಿಯಾಗಿದ್ದರಿಂದ ಬಾಯಿ ತೆರೆಯುವ ಮೊದಲೇ ಗೊತ್ತಾಗುತ್ತಿತ್ತು, ಅಷ್ಟೇ. ಕಿವಿ ತಾನು ಅಂದುಕೊಂಡದ್ದಕ್ಕಿಂತ ಬಹಳ ಹೆಚ್ಚು ಹೋಗಿತ್ತು. ಹೀಗಿರುವಾಗ ಹುಡುಗರು ಎದ್ದು ನಿಂತು ಪ್ರಶ್ನೆ ಕೇಳಿದರೆ ಯಾವ ಮೇಷ್ಟ್ರಾಗುವುದು?

ಮನೆ ತಲುಪಿದಾಗ ಪವಿತ್ರ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ಚೀಲ ಇಳಿಸದೆ ಅವಳ ಹತ್ತಿರ ಹೋಗಿ ಹೇಳಿಬಿಟ್ಟ.

"ನಂಗೆ ಕಿವಿ ಕೇಳಿಸ್ತಾ ಇಲ್ಲ ಕಣೆ."

ಅವಳು ತಂತಿಯ ಕಡೆಗೇ ಮುಖ ಮಾಡಿಕೊಂಡು ಏನೋ ಅಂದಳು.

"ಇತ್ತಗೆ ತಿರುಗಿ ಯೋಳು."

ಅವಳು ತಿರುಗಿದಳು. ಕಣ್ಣು ತುಂಬಿತ್ತು. ಒದ್ದೆ ಸೀರೆ ಕೈಯಲ್ಲೇ ಇತ್ತು.

"ಒಂದ್ ವರ್ಷದಿಂದ ನಾನು ಕೂಗುದ್ರೆ ನೀವು ತಿರುಗೂ ನೋಡ್ತಿರ್ನಿಲ್ಲ. ನಾನು ಮಾತಾಡ್ತಿದ್ರೆ ಎದ್ದು ಓಯ್ತಿದ್ರಿ. ನನ್ ಮ್ಯಾಲೆ ಮನಸಿಲ್ಲ ಅಂದ್ಕಂಡು ಅವ್ವನ ಮನೇಲಿ ಕೂತು ಅತ್ತು ಬಂದಿವ್ನಿ. ಒಂದ್ ಮಾತು ಯೋಳೋಕೆ ಏನಾಗಿತ್ತು ನಿಮ್ಗೆ?"

ಕಕ್ಷಿದಾರರನ್ನು, ನ್ಯಾಯಾಧೀಶರನ್ನು, ಸೀನಿಯರನ್ನು ನೆನೆದು ಹೆದರಿದ್ದ ಅವನಿಗೆ ಇದೊಂದು ಹೊಳೆದಿರಲೇ ಇಲ್ಲ. ಅವಳು ಎರಡು ದಿನ ಸರಿಯಾಗಿ ಮಾತಾಡಲಿಲ್ಲ. ಮೂರನೆಯ ದಿನ ಊಟಕ್ಕೆ ಬಡಿಸಿ, ಎದುರಿಗೇ ಕೂತು, ಬಾಯಿ ಕಾಣುವಂತೆ ನಿಧಾನವಾಗಿ ಹೇಳಿದಳು. "ಮೈಸೂರಿಗೇ ಸೇರ್ಕಳಿ. ಕಿವಿ ನೋಡ್ಸೋ ಆಸ್ಪತ್ರೆನೂ ಅಲ್ಲೇ ಐತೆ. ಬಚ್ಚಿಡೋಕೆ ಅಂತ ತಾನೆ ಅಷ್ಟು ದೂರ ಒಂಟಿದ್ದು?"

ಇಬ್ಬರೂ ಮೈಸೂರು ವಿಶ್ವವಿದ್ಯಾಲಯವಿರುವ ಮಾನಸಗಂಗೋತ್ರಿಗೆ ಹೋದರು. ಮೊದಲು ಅಲ್ಲಿನ ಆಸ್ಪತ್ರೆಯಲ್ಲಿ ಕಿವಿಯ ಪರೀಕ್ಷೆ. ಸದ್ದು ಹೋಗದ ಪುಟ್ಟ ಕೋಣೆಯಲ್ಲಿ ಕೂರಿಸಿ, ಶಬ್ದ ಕೇಳಿದಾಗ ಗುಂಡಿ ಒತ್ತಿ ಅಂದರು. ಅವನು ಗುಂಡಿಯ ಮೇಲೆ ಬೆರಳಿಟ್ಟು ಕಾದ. ಇನ್ನೂ ಶುರುವಾಗಿಲ್ಲವೋ, ಶುರುವಾಗಿ ತನಗೇ ಕೇಳಿಸುತ್ತಿಲ್ಲವೋ ತಿಳಿಯದೆ ತಲೆಯೆತ್ತಿದ. ಗಾಜಿನಾಚೆ ಪವಿತ್ರಳ ಮುಖ ಬಾಡುತ್ತ ಹೋದದ್ದು ಕಂಡಾಗ ಉತ್ತರ ಸಿಕ್ಕಿತು. ಎಡಗಿವಿಯ ಆಸೆ ಬಿಡಿ, ಬಲಗಿವಿಗೆ ಯಂತ್ರ ಹಾಕಿದರೆ ಸ್ವಲ್ಪ ಅನುಕೂಲವಾದೀತು ಎಂದರು ಅಲ್ಲಿಯವರು. ಅದಕ್ಕಿಂತ ಹೆಚ್ಚಿನ ಭರವಸೆ ಕೊಡಲಿಲ್ಲ.

ಜೇಬಿನಲ್ಲಿ ಯಂತ್ರದ ಪೆಟ್ಟಿಗೆ, ಅದರಿಂದ ಕಿವಿಗೆ ವೈರು. ಹಾಗೇ ಕಾನೂನು ವಿಭಾಗಕ್ಕೆ ಹೋಗಿ, ಸೀಟು ಖಾಯಂ ಮಾಡುವ ಮೊದಲೇ ಅಲ್ಲಿನ ಪ್ರೊಫೆಸರ್ ಮೇಡಂಗೆ ಎಲ್ಲವನ್ನೂ ಹೇಳಿದ. ಬೇಡ ಅಂದರೆ ಅಲ್ಲಿಂದಲೇ ಮನೆಗೆ ಹೋಗುವುದೆಂದು ಮನಸ್ಸು ಗಟ್ಟಿ ಮಾಡಿಕೊಂಡಿದ್ದ. ಮೇಡಂ ಒಂದೇ ಪ್ರಶ್ನೆ ಕೇಳಿದರು. "ಎಲ್ಲಿ ಕೂತರೆ ನಿಮಗೆ ಅನುಕೂಲ?" ಹಾಗೆ ಅವನನ್ನು ಯಾರೂ ಕೇಳಿರಲಿಲ್ಲ. ಮೊದಲ ಬೆಂಚಿನಲ್ಲಿ, ಬಲಗಿವಿ ನಿಮ್ಮ ಕಡೆ ಇರುವಂತೆ, ಅಂದ.

ಮೊದಲ ತರಗತಿಯಲ್ಲಿ ಯಂತ್ರ ಕೀ ಎಂದು ಕೂಗಿಕೊಂಡಿತು. ಎಲ್ಲರೂ ತಿರುಗಿದರು. "ಕ್ಷಮಿಸಿ, ಅದು ನನ್ನ ಕಿವಿ" ಅಂದ. ಎಲ್ಲರೂ ನಕ್ಕರು. ಯಾಕೆ ನಗುತ್ತಿದ್ದಾರೆಂದು ಅವನಿಗೆ ಈ ಸಲ ಗೊತ್ತಿತ್ತು.

ಓದು ಸುಲಭವಾಗಲಿಲ್ಲ. ಗೆಳೆಯರ ಟಿಪ್ಪಣಿಗಳನ್ನು ನೋಡಿ ಬರೆದುಕೊಂಡ. ಬಾಯಿಪರೀಕ್ಷೆಗೆ ಮುಂಚೆ ಅನ್ನ ಸೇರುತ್ತಿರಲಿಲ್ಲ. ಊರಲ್ಲಿ ಗುಟ್ಟು ಉಳಿಯಲೂ ಇಲ್ಲ. ಚಿಕ್ಕಸ್ವಾಮಿಯೇ ಹಾಲಿನ ಡೇರಿಯಲ್ಲಿ ನಿಂತು, "ನಮ್ ಹೈದಂಗೆ ಕಿವಿ ಮಂದ ಕಣ್ರಪ್ಪ, ಎದುರ್ಗೆ ನಿಂತು ಮಾತಾಡಿ" ಎಂದು ಸಾರಿಬಿಟ್ಟಿದ್ದರು. ಕೆಲವರು ಕೆಪ್ಪ ಲಾಯರು ಅಂದರು. ಹೆಚ್ಚಿನವರು ಎದುರಿಗೆ ನಿಂತು ಮಾತಾಡಿದರು.

ಎರಡು ವರ್ಷದ ಓದು ಮುಗಿದ ಮೇಲೆ ಒಂದು ಲಾ ಕಾಲೇಜಿನಲ್ಲಿ ಅರೆಕಾಲಿಕ ಕೆಲಸ ಸಿಕ್ಕಿತು. ಈಗಲೂ ಹೊಸ ತಂಡಕ್ಕೆ ಮೊದಲ ಪಾಠ ಮಾಡುವ ದಿನ ಶಿವಶಂಕರ್ ಯಂತ್ರವನ್ನು ಎರಡೆರಡು ಸಲ ಪರೀಕ್ಷಿಸಿಕೊಳ್ಳುತ್ತಾನೆ. ಹುಡುಗಿಯೊಬ್ಬಳು ಹಿಂದಿನ ಬೆಂಚಿನಲ್ಲಿ ಕೈ ಎತ್ತುತ್ತಾಳೆ. ಅವನು ಪುಸ್ತಕ ಮೇಜಿನ ಮೇಲಿಟ್ಟು, ಬೆಂಚುಗಳ ನಡುವೆ ನಡೆದು ಅವಳೆದುರು ನಿಂತು, "ಇನ್ನೊಂದು ಸಲ ಹೇಳಮ್ಮ" ಅನ್ನುತ್ತಾನೆ.