ಸೊಪ್ಪು ಬೀಳದ ಅಂಚು

ನಾನು ಮಿದುಳಿನ ಶಸ್ತ್ರಚಿಕಿತ್ಸೆ ಕಲಿಯುತ್ತಿದ್ದಾಗ ಸಾದಲಿ ಹಳ್ಳಿಯಲ್ಲಿದ್ದ ದೊಡ್ಡಮ್ಮನ ತಲೆಯಲ್ಲಿ ಗಡ್ಡೆ ಕಂಡಿತು. ಅದು ಕಣ್ಣಿನ ನರ ಒತ್ತಿ, ಎರಡೂ ಪಕ್ಕದ ನೋಟವನ್ನು ತಿನ್ನುತ್ತಿತ್ತು. ದಿನಚರಿಯಲ್ಲಿ ಆಪರೇಷನ್ ತಾರೀಖನ್ನು ಮೂರು ಸಲ ಬರೆದು, ಮೂರೂ ಸಲ ಹೊಡೆದುಹಾಕಿದ್ದೆ. ಪ್ರತಿ ಬಾರಿಯೂ ಅವರು ಸಾಕುತ್ತಿದ್ದ ರೇಷ್ಮೆಹುಳದ ನೆಪ. ನಾಲ್ಕನೇ ಸಲ ಊರಿಗೇ ಹೋದೆ.

"ಹುಳ ಗೂಡು ಕಟ್ಟೋಕೆ ಇನ್ನ ನಾಕೇ ದಿನ ಕಣಪ್ಪ, ಆಮೇಲೆ ಬರ್ತೀನಿ" ಎಂದರು.

"ಅಷ್ಟರಲ್ಲಿ ಕಣ್ಣೇ ಹೋಗುತ್ತೆ ದೊಡ್ಡಮ್ಮ!"

"ಕಿರುಚ್ಬೇಡ. ಮೊದ್ಲು ಕಾಲು ತೊಳ್ಕೊ, ಹುಳದ ಮನೆಗೆ ಹಂಗೇ ನುಗ್ತಾರಾ? ಡಾಕ್ಟ್ರಂತೆ ಡಾಕ್ಟ್ರು!"

ತೊಳೆದುಕೊಂಡು ಒಳಗೆ ಹೋದೆ. ಹುಳ ಸಾಕುವ ಅಗಲ ತಟ್ಟೆಯ ನಡುವೆ ಮಾತ್ರ ಹಿಪ್ಪುನೇರಳೆ ಸೊಪ್ಪಿತ್ತು; ಎರಡೂ ಅಂಚಿನ ಹುಳಗಳಿಗೆ ಸೊಪ್ಪೇ ಬಿದ್ದಿರಲಿಲ್ಲ. ಅವರ ಕಣ್ಣಿಗೆ ಬೀಳದ ಆ ಅಂಚನ್ನು ಕೈ ಹಿಡಿದು ಮುಟ್ಟಿಸಿದೆ.

"ಅಯ್ಯೋ, ಇವನ್ನ ಉಪವಾಸ ಕೆಡವಿದ್ನಾ?" ಎಂದು ಕೂತುಬಿಟ್ಟರು. ತಡಕುತ್ತಾ ಅಂಚಿನ ಹುಳಗಳಿಗೆ ಸೊಪ್ಪು ಹಾಕಿ, "ನಾಳೆನೇ ಹೋಗಣ" ಎಂದರು.

ನಾನು ಅಷ್ಟು ಸಲ ತೋರಿಸಿದ್ದ ಸ್ಕ್ಯಾನಿಗೆ ಮಾತ್ರ ಬಗ್ಗಿರಲಿಲ್ಲ.