ಖಂಡೆ ಪೂಜೆಯ ಸೈರನ್

ನನ್ನ ಮಾವ ನನಗೆ ಎರಡು ಸಲ ಮಾವ. ಮೊದಲು ಅವ್ವನ ತಮ್ಮ, ಆಮೇಲೆ ಹೆಂಡತಿಯ ಅಪ್ಪ. ಔರಾದದಲ್ಲಿ ಮೋಟಾರಿಗೆ ತಂತಿ ಸುತ್ತುವ ಕೆಲಸ ಕಲಿತು ಹಾಯಾಗಿದ್ದ ನನ್ನನ್ನು ಬೀದರಿಗೆ ಎಳೆದು ತಂದು, ನೌಬಾದದ ತಮ್ಮ ಮನೆಯ ಮಾಳಿಗೆಯ ಕೋಣೆಯಲ್ಲಿ ಇರಿಸಿ, ತಮ್ಮ ಕೆಲಸಕ್ಕೇ ಹಚ್ಚಿದರು. ಬೆಳಿಗ್ಗೆ ಅವರ ಗಾಡಿಯ ಹಿಂದೆ ಕೂಡಬೇಕು, ಸಂಜೆ ಅವರ ಎದುರೇ ಊಟಕ್ಕೆ ಕೂಡಬೇಕು. ಬೈಸಿಕೊಂಡದ್ದನ್ನು ಹೆಂಡತಿಯ ಮುಂದೆ ತೋಡಿಕೊಳ್ಳೋಣವೆಂದರೆ ಅವಳು ಅವರ ಮಗಳು. ಎಷ್ಟೋ ಸಲ ನನಗೆ ಉಸಿರು ಕಟ್ಟಿದಂತಾಗುತ್ತಿತ್ತು.

ನಮ್ಮದು ಬೆಂಕಿ ಆರಿಸುವ ಗ್ಯಾಸ್ ಪ್ಯಾನೆಲ್ ಕೂಡಿಸುವ ಕೆಲಸ. ಕಾರ್ಖಾನೆಯ ಕರೆಂಟಿನ ಕೋಣೆಗೆ ಬೆಂಕಿ ಬಿದ್ದರೆ ನೀರು ಹಾಕುವಂತಿಲ್ಲ. ಅದಕ್ಕೇ ಚಾವಣಿಯಲ್ಲಿ ಹೊಗೆ ಹಿಡಿಯುವ ಡಿಟೆಕ್ಟರ್ ಎರಡು ಇರುತ್ತವೆ. ಒಂದಕ್ಕೆ ಹೊಗೆ ತಾಕಿದರೆ ಗಂಟೆ. ಎರಡಕ್ಕೂ ತಾಕಿದರೆ ಸೈರನ್ ಕೂಗಿ, ಬಾಗಿಲು ತಾನೇ ಮುಚ್ಚಿಕೊಂಡು, ಎಣಿಕೆ ಶುರುವಾಗುತ್ತದೆ. ಎಣಿಕೆ ಮುಗಿದರೆ ಸಿಲಿಂಡರಿನ ಬಾಯಿ ತೆರೆದು ಕಾರ್ಬನ್ ಡೈಆಕ್ಸೈಡ್ ಕೋಣೆ ತುಂಬುತ್ತದೆ. ಬೆಂಕಿ ಸಾಯುತ್ತದೆ, ಒಳಗೆ ಮನುಷ್ಯನಿದ್ದರೆ ಅವನೂ ಸಾಯುತ್ತಾನೆ.

ಪ್ಯಾನೆಲಿನಿಂದ ಸಿಲಿಂಡರಿಗೆ ಹೋಗುವ ತಂತಿಯ ಕೊನೆಗೆ ಒಂದು ಸಣ್ಣ ರೆಸಿಸ್ಟರ್ ಕಟ್ಟುತ್ತೇವೆ. ತಂತಿ ಕೊನೆಯ ತನಕ ನೆಟ್ಟಗಿದೆಯೋ ಇಲ್ಲವೋ ಎಂದು ಪ್ಯಾನೆಲ್ ಅದರ ಮೂಲಕ ಹಗಲಿರುಳು ನೋಡುತ್ತಲೇ ಇರುತ್ತದೆ. ಎಲ್ಲಾದರೂ ಬಿಟ್ಟುಕೊಂಡರೆ ಹಳದಿ ದೀಪ ಹತ್ತುತ್ತದೆ, ಗ್ಯಾಸ್ ಬರುವುದಿಲ್ಲ. ಮಾವನ ಜೀವವೆಲ್ಲ ಈ ತಂತಿಯಲ್ಲೇ. ನಾನು ಬಿಗಿದ ಪ್ರತಿ ತುದಿಯನ್ನೂ ತಾವೇ ಮತ್ತೊಮ್ಮೆ ಜಗ್ಗಿ ನೋಡುವರು. "ಇದು ಸಡ್ಲ ಅದ. ನಿನ್ನ ಲಕ್ಷ್ಯ ಎಲ್ಲದ?" ಎಂದು ಎಲ್ಲರ ಮುಂದೆ ಮಾನ ಕಳೆಯುವರು.

ಆ ವರ್ಷ ಖಂಡೆ ಪೂಜೆಯ, ಅಂದರೆ ಆಯುಧ ಪೂಜೆಯ, ದಿನವೇ ಭಾಲ್ಕಿ ಕಡೆಯ ಒಂದು ಕಾರ್ಖಾನೆಗೆ ವರ್ಷದ ತಪಾಸಣೆಗೆ ಹೋದೆವು. ಇವತ್ತು ವಾಪಸು ಬರುವಾಗ ಹೇಳಿಯೇ ಬಿಡುವುದು ಎಂದು ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ: ಕೆಲಸ ಬಿಟ್ಟು ಔರಾದದಲ್ಲಿ ಮೋಟಾರು ಅಂಗಡಿ ಇಡುತ್ತೇನೆ. ಹೆಂಡತಿಗೆ ಇದೊಂದನ್ನು ಮಾತ್ರ ಹೇಳಿದ್ದೆ. ದಾರಿಯಲ್ಲಿ ಹಲಬರ್ಗಾ ಊರು ದಾಟಿದ ಮೇಲೆ ಬಾಯಿ ತೆರೆಯಬೇಕು ಎನ್ನುವುದೂ ಗೊತ್ತು ಮಾಡಿಯಾಗಿತ್ತು.

ಕೆಲಸ ಮುಗಿಯಿತು. ಮಾವ ಸಿಲಿಂಡರಿನ ತಂತಿ ಜೋಡಿಸಿ, ಜಗ್ಗಿ ನೋಡಿ, ಕೋಣೆಯ ಹೊರಗಿನ ಪ್ಯಾನೆಲಿಗೆ ಬೀಗ ಹಾಕಿ ಕೀಲಿ ಜೇಬಿಗಿಟ್ಟರು. ಅಷ್ಟರಲ್ಲಿ ಕ್ಯಾಂಟೀನಿನ ಅಕ್ಕ ಲೋಬಾನದ ಹೊಗೆ ಹಿಡಿದು ಕೋಣೆ ಕೋಣೆಗೂ ಬಂದಳು. ಈ ಕರೆಂಟಿನ ಕೋಣೆಯಲ್ಲೂ ಧಾರಾಳವಾಗಿ ಹೊಗೆ ಆಡಿಸಿ ಮುಂದೆ ಹೋದಳು. ನಾನು ಬೇಡವೆನ್ನುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮಾವ ಅದನ್ನು ನೋಡಲಿಲ್ಲ. "ಚಸ್ಮಾ ಒಳಗೇ ಉಳೀತು" ಎಂದು ಹೊಕ್ಕರು.

ಗಂಟೆ ಹೊಡೆಯಿತು. ಹಿಂದೆಯೇ ಸೈರನ್. ಬಾಗಿಲು ಧಡ್ಡನೆ ಮುಚ್ಚಿತು. ಮೊದಲು ಬಾಗಿಲ ಕಡೆ ಓಡಿದೆ, ಪ್ಯಾನೆಲಿನಲ್ಲಿ ಎಣಿಕೆ ಇಳಿಯುವುದು ಕಂಡು ಅಲ್ಲಿಂದಲೇ ತಿರುಗಿ ಬಂದು ಗೋಡೆಯ ಮೇಲಿನ ತಡೆಯುವ ಬಟನ್ ಒತ್ತಿದೆ. ಎಣಿಕೆ ಮುಗಿಯಲು ಚೂರೇ ಉಳಿದಾಗ ನಿಂತಿತು. ಈ ಬಟನ್ ಒತ್ತಿ ಹಿಡಿದಷ್ಟು ಹೊತ್ತು ಮಾತ್ರ ತಡೆಯುತ್ತದೆ. ಬೆರಳು ತೆಗೆದರೆ ಎಣಿಕೆ ಮತ್ತೆ ಓಡುತ್ತದೆ.

ಒಳಗಿನಿಂದ ಮಾವ ಬಾಗಿಲು ಬಡಿಯತೊಡಗಿದರು. "ಅಳಿಯಾ, ಒಳಗಿಂದ ಹಿಡಕಿನೇ ಇಲ್ಲೋ!" ಪೂಜೆಗೆಂದು ಬಣ್ಣ ಬಳಿದವರು ಒಳಗಿನ ಹಿಡಿಕೆ ಬಿಚ್ಚಿ ತಿರುಗಿ ಹಾಕಿರಲಿಲ್ಲ. ಹೊರಗಿನ ಹಿಡಿಕೆ ನನ್ನ ಕಣ್ಣೆದುರೇ ಇತ್ತು. ಕಾಲು ಚಾಚಿದರೂ ಮುಟ್ಟದು. ಫೋನುಗಳನ್ನು ಗೇಟಿನಲ್ಲೇ ಇಟ್ಟುಕೊಂಡಿದ್ದರು. "ಯಾರಾದ್ರೂ ಬರ್ರೀ" ಎಂದು ಗಂಟಲು ಹರಿಯುವಂತೆ ಕೂಗಿದೆ. ಯಾರು ಬರುತ್ತಾರೆ? ಖಂಡೆ ಪೂಜೆಯ ದಿನ ಲಾರಿಯ ಹಾರನ್, ಕಾರ್ಖಾನೆಯ ಭೋಂಗಾ, ಎಲ್ಲವನ್ನೂ ಕೂಗಿಸುತ್ತಾರೆ. ನಮ್ಮ ಸೈರನ್ನೂ ಅದರಲ್ಲೇ ಸೇರಿಹೋಯಿತು.

ತಂತಿಯ ಯಾವುದಾದರೂ ಒಂದು ತುದಿ ಸಡಿಲಿರಲಿ ದೇವರೇ ಎಂದು ಬೇಡಿಕೊಂಡೆ. ಹಳದಿ ದೀಪವನ್ನೇ ನೋಡುತ್ತ ನಿಂತೆ. ಅದು ಹತ್ತಲಿಲ್ಲ. ಹೇಗೆ ಹತ್ತೀತು, ಮಾವನೇ ಜಗ್ಗಿ ನೋಡಿದ್ದರಲ್ಲ. ಈ ಮನುಷ್ಯನಿಂದ ಹೇಗೆ ಬಿಡಿಸಿಕೊಳ್ಳಲಿ ಎಂದು ವರ್ಷಗಟ್ಟಲೆ ಒದ್ದಾಡಿದ್ದ ನಾನು, ಅವರ ಜೀವವನ್ನು ಹೆಬ್ಬೆರಳಿನ ಕೆಳಗೆ ಹಿಡಿದು ನಿಂತಿದ್ದೆ. ಬೆರಳು ಮರಗಟ್ಟಿತು. ಜಾರಿದರೆ ಹೆಂಡತಿಗೆ ಏನೆಂದು ಹೇಳಲಿ?

ಎಷ್ಟು ಹೊತ್ತಾಯಿತೋ, ಕ್ಯಾಂಟೀನಿನ ಅಕ್ಕ ಪ್ರಸಾದದ ತಾಟು ಹಿಡಿದು ನಗುತ್ತ ಬಂದಳು. "ನಿಮ್ಮ ಮಷೀನ್ ಎಲ್ಲಾದಕಿಂತ ಜೋರ್ ಒದರ್ಲಕತ್ತದ ನೋಡ್ರಿ ಅಣ್ಣಾ!"

"ಅಕ್ಕಾ, ಆ ಬಾಗ್ಲಾ ತಗೀರಿ! ಮಾವ ಒಳಗ ಸಿಕ್ಕಾರ!"

ತಾಟನ್ನು ಅಲ್ಲೇ ಬಿಟ್ಟು ಓಡಿ ಬಾಗಿಲು ತೆಗೆದಳು. ಮಾವ ಕೆಮ್ಮುತ್ತ ಹೊರಗೆ ಬಂದವರೇ ಪ್ಯಾನೆಲಿನ ಬೀಗ ತೆಗೆದು, ತಾವೇ ಬಿಗಿದಿದ್ದ ತಂತಿಯನ್ನು ಕಿತ್ತರು. ಹಳದಿ ದೀಪ ಹತ್ತಿತು.

"ಕೈ ತಗಿ," ಅಂದರು. ಕೈ ಬರಲಿಲ್ಲ. ಅವರೇ ಎರಡೂ ಕೈಯಿಂದ ನನ್ನ ಹೆಬ್ಬೆರಳು ಬಿಡಿಸಿದರು. ನನಗೆ ಅಳು ತಡೆಯಲಾಗಲಿಲ್ಲ.

ವಾಪಸು ಹೊರಟೆವು. ಹಲಬರ್ಗಾ ದಾಟಿದ ಮೇಲೆ ಮಾವ ಗಾಡಿ ಬದಿಗೆ ನಿಲ್ಲಿಸಿ, ಹಿಂದೆ ತಿರುಗದೆಯೇ ಹೇಳಿದರು, "ನೀ ಔರಾದಕ್ಕ ಹೋಗಬೇಕಂತ ಮಾಡಿದ್ದು ಮಗಳು ಹೇಳ್ಯಾಳ. ಹೋಗಪಾ. ನಾ ಬ್ಯಾಡ ಅನ್ನಂಗಿಲ್ಲ."

ನಾನು ಇಷ್ಟು ದಿನ ಕಾದದ್ದು ಈ ಮಾತಿಗೇ. ಆದರೆ ಬಾಯಿಗೆ ಬಂದದ್ದೇ ಬೇರೆ.

"ನೀವು ಒಳಗ ಹೋದಾಗ ಹೊರಗ ಯಾರ್ ನಿಂದರ್ತಾರ್ರಿ, ಮಾವಾ?"

ಅವರು ಗಾಡಿ ಶುರು ಮಾಡಿದರು. ನಾನು ಇನ್ನೂ ನೌಬಾದದ ಮಾಳಿಗೆಯ ಕೋಣೆಯಲ್ಲೇ ಇದ್ದೇನೆ.