ಆಯುಧಪೂಜೆಗೆ ಉಜ್ಜಿದ ಆನೋಡು

ವಿದ್ಯಾ, ಆ ಆನೋಡನ್ನು ಉಜ್ಜಿದವನು ನಾನು. ಪ್ರಯೋಗದ ಚೇಂಬರನ್ನು ಯಾರಾದರೂ ತೆರೆದಿದ್ದರೇ ಎಂದು ನೀನು ಕೇಳಿದಾಗ ಇಲ್ಲವೆಂದು ಸುಳ್ಳು ಹೇಳಿದವನೂ ನಾನೇ. ಆಗಲೇ ಒಪ್ಪಿಕೊಂಡಿದ್ದರೆ ಒಂದು ಗಳಿಗೆಯ ಅವಮಾನದಲ್ಲಿ ಮುಗಿಯುತ್ತಿತ್ತು. ಇಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡು ತಿರುಗಿದೆ — ನಿವೃತ್ತನೂ ಆದೆ, ಹಾರ ಹಾಕಿಸಿಕೊಂಡೆ.

ಜೆ.ಪಿ. ನಗರದ ಆ ಪುಟ್ಟ ಕಂಪನಿ ನಿನಗೆ ನೆನಪಿರಬೇಕು. ಕೆಳಗೆ ನಮ್ಮ ಪ್ರಯೋಗಶಾಲೆ, ಮೇಲೆ ಮಾಲೀಕರ ಮನೆ, ಹನ್ನೊಂದಕ್ಕೆಲ್ಲ ಒಗ್ಗರಣೆಯ ಘಾಟು. ಉಪಗ್ರಹಗಳನ್ನು ಬಾಹ್ಯಾಕಾಶದಲ್ಲಿ ನೂಕುವ ವಿದ್ಯುತ್ ಎಂಜಿನ್ ಮಾಡಲು ಹೊರಟಿದ್ದೆವು. ನಾನು ಮುಖ್ಯಸ್ಥ, ನೀನು ಓದು ಮುಗಿಸಿ ಆಗಷ್ಟೇ ಸೇರಿದ್ದವಳು.

ಎಂಜಿನ್ನಿನೊಳಗೆ ಅನಿಲವು ವಿದ್ಯುತ್ತಿಗೆ ಸಿಕ್ಕಿ ಪ್ಲಾಸ್ಮಾ ಆಗುತ್ತದೆ. ಎಲೆಕ್ಟ್ರಾನುಗಳು ಬಂದು ಸೇರುವ ಲೋಹದ ಉಂಗುರವೇ ಆನೋಡು. ಅದರ ಮೈಗೆ ಅಂಟಿದಂತೆ ಪ್ಲಾಸ್ಮಾದ ತೀರಾ ತೆಳುವಾದ ಪೊರೆಯೊಂದಿರುತ್ತದೆ. ಹೆಚ್ಚಾಗಿ ನುಗ್ಗುವ ಎಲೆಕ್ಟ್ರಾನುಗಳನ್ನು ಆ ಪೊರೆ ಹಿಂದಕ್ಕೆ ತಳ್ಳಬೇಕು. ನಮ್ಮ ಲೆಕ್ಕವೆಲ್ಲ ಹಾಗೆಯೇ ಇತ್ತು. ಪ್ಲಾಸ್ಮಾದೊಳಗೆ ಇಳಿಸಿ ಅಳೆಯುವ ನಿನ್ನ ಪ್ರೋಬು ಮಾತ್ರ ಬೇರೆಯೇ ಹೇಳುತ್ತಿತ್ತು — ಪೊರೆ ತಿರುಗಿಬಿದ್ದಿದೆ, ತಳ್ಳುವ ಬದಲು ಎಳೆಯುತ್ತಿದೆ, ಆನೋಡು ಬಿಸಿಯೇರುತ್ತಿರುವುದು ಅದಕ್ಕೇ. ಎಷ್ಟು ಸಲ ಅಳೆದರೂ ಅದೇ ಉತ್ತರ. ನೀನು ಕುಣಿದಾಡುವುದೊಂದು ಬಾಕಿ. ಅದನ್ನು ಕಣ್ಣಾರೆ ನೋಡಲು ಹೊರಗಿನ ಪರಿಣತರು ಹಬ್ಬ ಮುಗಿದ ವಾರ ಬರುವುದೆಂದಾಯಿತು.

ನನಗೆ ಕೊಳೆ ಕಂಡರಾಗದು, ಅದು ನಿನಗೂ ಗೊತ್ತು. ಆಯುಧಪೂಜೆಗೆ ಸ್ಪ್ಯಾನರಿನಿಂದ ಹಿಡಿದು ಪಂಪಿನವರೆಗೆ ಎಲ್ಲ ಒರೆಸಿಸಿದೆ. ನೀವೆಲ್ಲ ಹೂವು, ಬೂದುಗುಂಬಳ ತರಲು ಹೋಗಿದ್ದಿರಿ. ಪ್ರಯೋಗ ಮುಗಿಯುವತನಕ ಎಂಜಿನ್ ಇಟ್ಟ ನಿರ್ವಾತ ಚೇಂಬರ್ ತೆರೆಯಕೂಡದೆಂದು ನಿಯಮ ಮಾಡಿದವನೇ ನಾನು, ಆದರೂ ತೆರೆದೆ. ಆನೋಡಿನ ಮೇಲೆ ಕಂದು ಪದರ ಕಟ್ಟಿತ್ತು. ಪೂಜೆಯ ದಿನ ಹೀಗಿದ್ದರೆ ಹೇಗೆ ಎಂದು — ಛೆ. ಎಮರಿ ಪೇಪರಿನಲ್ಲಿ ಉಜ್ಜಿದೆ, ಅಸಿಟೋನಿನಲ್ಲಿ ಒರೆಸಿದೆ, ಹೊಸ ಪಾತ್ರೆಯಂತೆ ಫಳಫಳ ಮಾಡಿ ಮುಚ್ಚಿದೆ. ಗಾಳಿ ಹೀರುವ ಪಂಪನ್ನು ರಜೆಗೆಂದು ಮೊದಲೇ ನಿಲ್ಲಿಸಿದ್ದರಿಂದ ಯಾರಿಗೂ ತಿಳಿಯಲಿಲ್ಲ. ಆಮೇಲೆ ಚೇಂಬರಿಗೆ ಕುಂಕುಮ ಹಚ್ಚಿದವಳು ನೀನೇ.

ಪರಿಣತರ ಎದುರು ಪೊರೆ ಪುಸ್ತಕದಲ್ಲಿ ಬರೆದಂತೆ ನಡೆದುಕೊಂಡಿತು. ನೀನು ಕೇಬಲ್ ಬದಲಿಸಿದೆ, ಪ್ರೋಬು ಬದಲಿಸಿದೆ. ಬಂದವರಲ್ಲಿ ಒಬ್ಬರು ಗಡಿಯಾರ ನೋಡಿಕೊಂಡರು. ನೀನು ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದೆ.

"ಸಾರ್, ರಜೇಲಿ ಯಾರಾದ್ರೂ ಚೇಂಬರ್ ಓಪನ್ ಮಾಡಿದ್ರಾ?"

ಆ ಕಂದು ಪದರ ಕಣ್ಣ ಮುಂದೆ ಬಂತು. ವಿದ್ಯುತ್ ಹರಿಯಗೊಡದ ಅಂಥ ಪದರ ಆನೋಡನ್ನು ಮುಚ್ಚಿದಾಗ ಎಲೆಕ್ಟ್ರಾನುಗಳಿಗೆ ಇಳಿಯಲು ಜಾಗ ಸಾಲದು. ಆಗ ಪೊರೆ ತಿರುಗಿ ಅವನ್ನು ಎಳೆಯಲೇಬೇಕು. ನೀನು ಕಂಡದ್ದು ನಿಜವಾಗಿತ್ತು. ನಾನು ಅದನ್ನು ಉಜ್ಜಿ ಹಾಕಿದ್ದೆ. ಇಷ್ಟೂ ನನಗೆ ಆ ಕ್ಷಣದಲ್ಲೇ ಹೊಳೆಯಿತು — ಹೊಳೆಯಲಿಲ್ಲ ಎಂದು ಹೇಳಿಕೊಳ್ಳುವಂತಿಲ್ಲ.

"ಇಲ್ಲಮ್ಮ, ಯಾರೂ ಮುಟ್ಟಿಲ್ಲ," ಎಂದೆ.

ನಿನ್ನ ಅಳತೆಯೇ ತಪ್ಪೆಂದು ತೀರ್ಮಾನವಾಯಿತು. ಕೆಲವು ವಾರ ನೀನು ತಲೆ ತಗ್ಗಿಸಿಕೊಂಡು ಬಂದು ಹೋದೆ, ಆಮೇಲೆ ಬರಲಿಲ್ಲ. ಮರುವರ್ಷ ಪದರ ಮತ್ತೆ ಕಟ್ಟಿತು, ಪೊರೆ ಮತ್ತೆ ತಿರುಗಿತು. ನಿನಗೆ ತಿಳಿಸಬೇಕೆಂದು ಫೋನ್ ಕೈಗೆತ್ತಿಕೊಂಡೆ, ಏನು ಹೇಳಲಿ ಎಂದು... ಇಟ್ಟುಬಿಟ್ಟೆ. ಎದ್ದು ಹೋಗಿ ಆನೋಡನ್ನು ಇನ್ನೊಮ್ಮೆ ಉಜ್ಜಿದೆ.

ಈ ಸಲದ ಹಬ್ಬಕ್ಕೆ ಜಯನಗರ ಫೋರ್ತ್ ಬ್ಲಾಕಿನಲ್ಲಿ ಸೇವಂತಿಗೆ ಕೊಳ್ಳುತ್ತಿದ್ದಾಗ ನೀನೇ ಗುರುತಿಸಿದೆ. ನಾನಾಗಿದ್ದರೆ ಕಣ್ಣು ತಪ್ಪಿಸಿ ಹೋಗುತ್ತಿದ್ದೆ. ಪಕ್ಕದಲ್ಲಿ ನಿನ್ನ ಮಗಳಿದ್ದಳು.

"ನನ್ನ ಗುರುಗಳು ಕಣೇ, ನಮಸ್ಕಾರ ಮಾಡು," ಎಂದು ನೀನು ಅವಳಿಗೆ ಹೇಳಿದೆ. ಆ ಜನಜಂಗುಳಿಯಲ್ಲೇ ಮಗು ಬಗ್ಗಿ ಕಾಲು ಮುಟ್ಟಿತು. ನಾನು ಕಾಲು ಹಿಂದಕ್ಕೆಳೆದುಕೊಳ್ಳಲಿಲ್ಲ.

"ಅಮ್ಮ ಎಂಜಿನ್ ಮಾಡ್ತಿದ್ರಂತೆ ಅಲ್ವಾ ತಾತ? ಸರಿಯಾಗಿ ಅಳೆಯೋಕೆ ಬರ್ತಿರ್ಲಿಲ್ವಂತೆ, ಅದಕ್ಕೇ ಬಿಟ್ರಂತೆ," ಎಂದಳು ಅವಳು.

ನೀನು ನಕ್ಕೆ. "ಈಗ್ಲೂ ಅಷ್ಟೇ ಸಾರ್. ಗ್ಯಾಸ್ ಆಫ್ ಮಾಡಿದೀನಾ ಅಂತ ಎದ್ದೆದ್ದು ಹೋಗಿ ನೋಡ್ತೀನಿ. ನನ್ನ ಕಣ್ಣನ್ನ ನಾನೇ ನಂಬಲ್ಲ. ಇಲ್ಲೇ ಚಿಕ್ಕಲಸಂದ್ರದಲ್ಲಿದೀವಿ, ಮನೆಗೆ ಬನ್ನಿ."

ನಾನೂ ನಕ್ಕುಬಿಟ್ಟೆ, ವಿದ್ಯಾ. ಮನೆಗೆ ಬಂದು ಆ ಹೂವನ್ನು ದೇವರಿಗೆ ಇಡಲು ಕೈ ಬರಲಿಲ್ಲ. ನಿನ್ನ ಕೆಲಸ ಕಿತ್ತುಕೊಂಡೆ ಎಂದಷ್ಟೇ ತಿಳಿದಿದ್ದೆ. ನಿನ್ನ ಕಣ್ಣಿನ ಮೇಲೆ ನಿನಗಿದ್ದ ನಂಬಿಕೆಯನ್ನೂ ಕಿತ್ತುಕೊಂಡಿದ್ದೇನೆ.

ಕ್ಷಮೆ ಕೇಳುವ ಮುಖ ನನಗಿಲ್ಲ. ಈ ಭಾನುವಾರ ಬರುತ್ತೇನೆ, ಬಾಗಿಲಲ್ಲೇ ನಿಲ್ಲಿಸಿದರೂ ಸರಿ. ಮಗಳನ್ನು ಹೊರಗೆ ಕರೆ. ಅಮ್ಮ ಸರಿಯಾಗಿಯೇ ಅಳೆದಿದ್ದಳು, ತಾತ ಸುಳ್ಳು ಹೇಳಿದ್ದ ಎಂದು ಅವಳ ಮುಂದೆ ನಾನೇ ಹೇಳಬೇಕು. ಅವಳು ಮಾಡಿದ ನಮಸ್ಕಾರವನ್ನು ಹಿಂದಿರುಗಿಸಿ ಬರಬೇಕು.